ಮೂವತ್ತೆಂಟು ಚುಕ್ಕಿಗಳ ಹಾಳೆ

ದೊಡ್ಡಕ್ಕ ಗೋಡೆ ಮೂಸುತ್ತಿದ್ದರು. ಮೊದಲು ಕಳೆದ ಹಾಳೆ ಇದ್ದ ಜಾಗದ ಮೇಲಿನ ಎರಡು ಮೂಲೆ, ಆಮೇಲೆ ಬಗ್ಗಿ ಕೆಳಗಿನ ಎರಡು.

"ತಮ್ಮಾ, ನೀನೂ ಮೂಸು."

ಮೂಸಿದೆ. ಆಸ್ಪತ್ರೆಯ ವಾಸನೆ ಬಂತು. ಆಸ್ಪತ್ರೆಯಲ್ಲಿ ಇನ್ನೇನು ಬರಬೇಕು?

ಪಕ್ಕದಲ್ಲೇ, ಹೋದ ತಿಂಗಳು ಸರ್ಜನ್ ಸಿಟ್ಟಿನಲ್ಲಿ ನೋಟೀಸು ಕಿತ್ತ ಜಾಗದಲ್ಲಿ ಬಣ್ಣ ಎದ್ದುಬಂದಿತ್ತು. ಹಾಳೆ ಇದ್ದ ಜಾಗ ಮಾತ್ರ ಮಗುವಿನ ಕೆನ್ನೆಯಷ್ಟು ನುಣುಪು.

ದೊಡ್ಡಕ್ಕ ನಮ್ಮ ಆಸ್ಪತ್ರೆಯ ದಾಖಲೆ ಕೋಣೆಯ ಯಜಮಾನಿ. ಕಳೆದದ್ದನ್ನು ಹುಡುಕುವುದು ಅವರ ಕಸುಬು. ಅವರ ಸಹಾಯಕನಾದ ನನಗೆ ಗೊಂದಲಪಡುವುದೇ ಕಸುಬು.

ಕಳೆದದ್ದು ಸಮೀಕ್ಷೆಯ ಹುಡುಗಿಯ ಹಾಳೆ. ನಾಲ್ಕು ತಿಂಗಳು ಅವಳು ಮೂವತ್ತೆಂಟು ಡಾಕ್ಟರು, ನರ್ಸುಗಳನ್ನು ಒಂದೇ ಪ್ರಶ್ನೆ ಕೇಳಿದ್ದಳು: ಕೆಲಸದಲ್ಲಿ ಅನುಮಾನ ಬಂದರೆ ಯಾರನ್ನು ಕೇಳುತ್ತೀರಿ? ಒಬ್ಬೊಬ್ಬರಿಗೂ ಒಂದು ಚುಕ್ಕಿ. ಕೇಳುವವರಿಂದ ಹೇಳುವವರಿಗೆ ಒಂದು ಗೆರೆ. ಹೆಸರಿಲ್ಲ, ಅವರವರ ಕೋಣೆ ಮಾತ್ರ. ಮಾತು ಕೊಟ್ಟಂತೆ ಫಾರಂಗಳನ್ನು ಸುಟ್ಟಿದ್ದಳು, ಇನ್ನೊಂದು ಹಾಳೆ ಬರೆಯುವಂತಿರಲಿಲ್ಲ. ಹಿಂದಿನ ಸಂಜೆ, ಗಾಯಕ್ಕೆ ಕಟ್ಟು ಹಾಕುವ ಡ್ರೆಸ್ಸಿಂಗ್ ರೂಮಿನ ಸಿಸ್ಟರ್ ಬಳಿ ಅಂಟು ಪ್ಲಾಸ್ಟರ್ ಇಸಕೊಂಡು, ಹಾಳೆಯನ್ನು ಅವರ ಕೈಯಲ್ಲೇ ಹಿಡಿಸಿ, ಗೋಡೆಗೆ ಅಂಟಿಸಿ ಬಟ್ಟೆ ಮುಚ್ಚಿದ್ದಳು. ಬೆಳಿಗ್ಗೆ ನೋಡಿದರೆ ಬಟ್ಟೆ ಮಾತ್ರ ಇತ್ತು.

"ಮೂರು ಗಂಟೆ ಮೀಟಿಂಗಿಗೆ ಹಾಳೆ ಇಲ್ಲ ಅಂದ್ರೆ ನಿನಗೆ ಕೆಲಸವೂ ಇಲ್ಲ," ಎಂದಿದ್ದರು ಸೂಪರಿಂಟೆಂಡೆಂಟ್. ಹುಡುಗಿಯ ಮುಖ ಬತ್ತಿಹೋಗಿತ್ತು.

ಕಳ್ಳ ಯಾರೆಂದು ನನಗೆ ಗೊತ್ತಿತ್ತು. ಆ ಸಂಜೆಯೇ ಸರ್ಜನ್ ಬಟ್ಟೆ ಎತ್ತಿ ಇಣುಕುವುದನ್ನು ಕಣ್ಣಾರೆ ಕಂಡಿದ್ದೆ.

"ಹೌದಯ್ಯಾ, ನೋಡಿದೆ," ಎಂದು ಅವರು ಗುಡುಗಿದರು. "ನನ್ನ ಚುಕ್ಕಿಗೆ ಒಂದು ಗೆರೆಯೂ ಬಂದಿಲ್ಲ. ಹಾಗಂತ ಕದಿಯೋಕೆ ನಾನೇನು ಕಾಗೆಯಾ?"

ದೊಡ್ಡಕ್ಕ ಸಮೀಕ್ಷೆಯ ಅದೇ ಪ್ರಶ್ನೆಯೊಂದಿಗೆ ನನ್ನನ್ನು ಡಾಕ್ಟರು, ನರ್ಸುಗಳ ಬಳಿ ಕಳಿಸಿದರು. ಹತ್ತು ಜನರನ್ನು ಕೇಳಿದೆ. ಹತ್ತೂ ಜನ "ಸರ್ಜನ್ನರನ್ನೇ ಕೇಳ್ತೀವಿ" ಎಂದರು! ಹಾಗಾದರೆ ಅವರಿಗೆ ಗೆರೆ ಯಾಕಿಲ್ಲ? ತಲೆ ಕಲಸಿದ ಹಿಟ್ಟಾಯಿತು.

"ಬಾಯಿಮಾತು ಬಿಡು, ಕಾಲು ನೋಡು," ಎಂದರು ದೊಡ್ಡಕ್ಕ. "ಕಾರಿಡಾರಿನಲ್ಲಿ ನಿಂತು ಯಾರು ಯಾವ ಬಾಗಿಲಿಗೆ ಹೋಗ್ತಾರೆ ಬರ್ಕೋ."

ಒಂದು ಗಂಟೆಯಲ್ಲಿ ಏಳು ಜನ, ಒಬ್ಬೊಬ್ಬರಾಗಿ, ಆಚೀಚೆ ನೋಡಿ, ಡ್ರೆಸ್ಸಿಂಗ್ ರೂಮಿಗೆ ನುಸುಳಿದರು. ಏಳನೆಯವರು ಸರ್ಜನ್. ಬರೆದೆ, ಅರ್ಥವಾಗಲಿಲ್ಲ.

ಮೂರು ಗಂಟೆಗೆ ಎಲ್ಲರೂ ಸೇರಿದರು. ದೊಡ್ಡಕ್ಕ ಎದ್ದರು.

"ಸರ್ಜನ್ ಸಾರ್ ತೆಗೆದಿದ್ರೆ ಗೋಡೆಯ ಬಣ್ಣ ಉಳೀತಿರಲಿಲ್ಲ. ಅವರ ನೋಟೀಸಿನ ಜಾಗ ನೋಡಿ. ಹಾಳೆ ಇದ್ದ ನಾಲ್ಕು ಮೂಲೆಯಲ್ಲೂ ಸ್ಪಿರಿಟ್ ವಾಸನೆ. ಪ್ಲಾಸ್ಟರನ್ನ ಸ್ಪಿರಿಟ್ಟಲ್ಲಿ ನೆನೆಸಿ, ನೋವಾಗದ ಹಾಗೆ ಬಿಡಿಸಿದ್ದಾರೆ. ಗೋಡೆಗೆ ನೋವಾಗುತ್ತಾ? ಕೈಗೆ ಅದು ಗೊತ್ತಿಲ್ಲ. ಅದು ಗಾಯ ಬಿಡಿಸಿ ಬಿಡಿಸಿ ಪಳಗಿದ ಕೈ."

"ನರ್ಸುಗಳೆಲ್ಲ ಹಾಗೇ ಬಿಡಿಸ್ತಾರಲ್ಲ?" ಎಂದರು ಸೂಪರಿಂಟೆಂಡೆಂಟ್.

"ಆದ್ರೆ ಬಟ್ಟೆ ಮುಚ್ಚೋ ಮೊದಲೇ ಹಾಳೆ ಕಂಡವರು ಒಬ್ಬರೇ. ಗೆರೆಗಳೆಲ್ಲ ಅವರ ಕೋಣೆಗೇ ಬಂದಿರ್ಬೇಕು. ಎದುರಿಗೆ ಕೇಳಿದ್ರೆ ದೊಡ್ಡವರ ಹೆಸರು. ಅನುಮಾನ ಬಂದ್ರೆ ಕಾಲು ಹೋಗೋದು ಡ್ರೆಸ್ಸಿಂಗ್ ರೂಮಿಗೆ. ಇವತ್ತು ಸರ್ಜನ್ ಸಾರ್ ಕಾಲೂ."

ಸರ್ಜನ್ ತಮ್ಮ ಬೂಟು ನೋಡಿಕೊಂಡರು. "ಒಂದು ಹೊಲಿಗೆ ಕೀವು ಕಟ್ಟುತ್ತೋ ಏನೋ ಅಂತ... ಸಿಸ್ಟರಿಗೆ ನೋಡಿದರೇ ಗೊತ್ತಾಗುತ್ತೆ."

ಡ್ರೆಸ್ಸಿಂಗ್ ರೂಮಿನ ಸಿಸ್ಟರ್ ಹೊರಗೆ ಹೋಗಿ ಬಂದರು. ಗಾಜ್ ಬಟ್ಟೆಯಂತೆ ಚೌಕವಾಗಿ ಮಡಚಿದ ಹಾಳೆಯನ್ನು ಹುಡುಗಿಯ ಕೈಗಿಟ್ಟರು.

"ತಪ್ಪಾಯ್ತು ಮಗಳೇ. ನಿನ್ನ ಕೆಲಸಕ್ಕೇ ಕುತ್ತು ಬರುತ್ತೆ ಅಂತ ಹೊಳೀಲಿಲ್ಲ. ಯಾರಿಗೂ ತಿಳಿಯಲ್ಲ ಅಂತಲೇ ಇವರೆಲ್ಲ ಬಂದು ಕೇಳ್ತಾರೆ. ಇದು ಗೋಡೆ ಮೇಲೆ ನಿಂತ್ರೆ ನಾಳೆಯಿಂದ ಮಾನ ಕಾಪಾಡ್ಕೊಂಡು ಸುಮ್ಮನಿರ್ತಾರೆ. ಸುಮ್ಮನಿದ್ರೆ ಸಾಯೋದು ರೋಗಿ."

ಸೂಪರಿಂಟೆಂಡೆಂಟ್ ಹುಡುಗಿಯಿಂದ ಹಾಳೆ ಇಸಕೊಂಡು ಬಿಡಿಸಿ ನೋಡಿದರು. ಜೇಡರ ಬಲೆ, ನಡುವೆ ಒಂದು ಚುಕ್ಕಿ. ತಾವೂ ಅಲ್ಲಿಗೊಂದು ಗೆರೆ ಕಳಿಸಿದ್ದು ಕಂಡಿರಬೇಕು, ಕೆಮ್ಮಿದರು. ಹುಡುಗಿಗೆ, "ನೀನು ಎಲ್ಲೂ ಹೋಗಬೇಕಾಗಿಲ್ಲಮ್ಮ," ಎಂದರು. ಆಮೇಲೆ ಉತ್ಸಾಹ ಉಕ್ಕಿತು.

"ಸಿಸ್ಟರ್, ನಿಮ್ಮನ್ನ ಮುಖ್ಯ ಸಲಹೆಗಾರ್ತಿ ಮಾಡ್ತೀನಿ. ಬೇರೆ ಕೋಣೆ, ಬಾಗಿಲಿಗೆ ನಿಮ್ಮ ಹೆಸರಿನ ಬೋರ್ಡು. ಎಲ್ಲರೂ ರಾಜಾರೋಷವಾಗಿ ಬಂದು ಕೇಳಲಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ದೊಡ್ಡಕ್ಕ ತಟ್ಟಲಿಲ್ಲ ಎಂದು ಆಮೇಲೆ ಗಮನಿಸಿದೆ.

ಸಿಸ್ಟರ್ ಗಡಿಯಾರ ನೋಡಿದರು. ಡ್ರೆಸ್ಸಿಂಗಿನ ಹೊತ್ತಾಗಿತ್ತು.

"ಬೇಡ ಸಾರ್," ಎಂದರು.