ಎಂಜಲು ತಾಗಿದ ಬೀಟೆಹಿಡಿ

"ಒಣಗಿದ ಹಾಗೇ ಇಟ್ಕೊಳ್ಳಿ. ನೀರು ಸೋಕಿಸಬೇಡಿ. ಎಂಜಲಂತೂ ಬೇಡವೇ ಬೇಡ."

ಬಂದೂಕು ರಿಪೇರಿಯವನ ಹೆಂಡತಿ ಬಟ್ಟೆಯ ಗಂಟನ್ನು ಮೇಜಿನ ಮೇಲಿಟ್ಟು ಕೈ ಹಿಂದಕ್ಕೆಳೆದುಕೊಂಡಳು. ಗಂಡ ಸತ್ತ ಮೇಲೆ ಮುಚ್ಚಿದ ಅಂಗಡಿ. ಹಳೆಯ ಎಣ್ಣೆ, ತುಕ್ಕು, ಇಲಿಯ ಹಿಕ್ಕೆಯ ವಾಸನೆ. ಕೊಳ್ಳಲು ಬಂದಿದ್ದ ಹಳೇ ಬಂದೂಕುಗಳ ಸಂಗ್ರಾಹಕ ಗಂಟು ಬಿಚ್ಚಿದ. ಹಳೆಯ ರಿವಾಲ್ವರಿನ ಹಿಡಿಗೆ ಎರಡು ಬದಿಯಿಂದ ಕೂರಿಸುವ ಮರದ ಹೋಳುಗಳು, ಒಂದೇ ತುಂಡಿನಿಂದ ಸೀಳಿದ ಜೋಡಿ. ಬೀಟೆಯೇ ಇರಬೇಕು. ಅವನ ಬಾಯಲ್ಲಿ ನೀರೂರಿತು.

"ಯಾಕಮ್ಮ, ಎಂಜಲು ಬಿದ್ರೆ ಮರಕ್ಕೆ ನೆಗಡಿ ಆಗುತ್ತಾ?"

ಆಕೆ ನಗಲಿಲ್ಲ. "ತಮ್ಮ ಅಣ್ಣನ ಮನೆ ಹಾಳಾಗ್ಲಿ ಅಂತ ನಮ್ಮೆಜಮಾನ್ರು ಮಾಟ ಮಾಡ್ಸಿ ಇದ್ರೊಳಗೆ ಕೂರಿಸಿದ್ರು. ಯಾರ ಎಂಜಲು ಬೀಳುತ್ತೋ ಅವರ ಕೈ ಹಿಡ್ಕೊಳ್ಳುತ್ತೆ. ಆಮೇಲೆ ಅವರಿಗೆ ತುಂಬ ಬೇಕಾದವರನ್ನೇ ಹುಡುಕುತ್ತೆ. ಸಿಕ್ಕಿದ ಮೇಲೇ ಬಿಡೋದು. ಒಂದಿನ ಪಾಲಿಶ್ ಮಾಡ್ತಾ ಅವರೇ ಮರೆತು ಉಗುಳು ಹಚ್ಚಿಬಿಟ್ರು."

"ನಿಮ್ಮನ್ನ ಹುಡುಕಲಿಲ್ವಲ್ಲ?"

"ನನ್ನ ಮಗನ್ನ ಹುಡುಕ್ತು. ಅವರಿಗೆ ನಾನು ಅಷ್ಟೊಂದು ಬೇಕಾದವಳಾಗಿರಲಿಲ್ಲ." ಆಕೆ ಸೆರಗಿನಿಂದ ಬಾಯೊರೆಸಿಕೊಂಡಳು. "ಬೆಂಕಿಗೆ ಹಾಕಿದ್ರೂ ಸುಡಲಿಲ್ಲ. ಒಯ್ಯೋದಾದ್ರೆ ಒಯ್ಯಿರಿ. ಹೇಳ್ಲಿಲ್ಲ ಅನ್ಬೇಡಿ."

ಆ ಬೀದಿಗೆ ಅವನು ಹೊಸಬ. ಹಳಬರಾಗಿದ್ದರೆ ಗಂಟನ್ನು ಅಲ್ಲೇ ಬಿಟ್ಟು ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಈ ಪುಣ್ಯಾತ್ಮ ಶಿಳ್ಳೆ ಹಾಕುತ್ತ ಮನೆಗೆ ಬಂದ.

ಬಿಸಿಲಿಗೆ ಮರದ ಬಣ್ಣ ಮಾಸುತ್ತದೆಂದು ಅವನ ಕೆಲಸದ ಕೋಣೆಯ ಕಿಟಕಿ ಹಗಲಲ್ಲೂ ಮುಚ್ಚಿರುತ್ತಿತ್ತು. ಗೋಡೆಯ ಮೇಲೆ ತೀರಿಹೋದ ಹೆಂಡತಿಯ ಫೋಟೊ. ಮಗಳು ಪುಟ್ಟಿ ಶಾಲೆಗೆ ಹೋಗಿದ್ದಳು. ಮನೆಯಲ್ಲಿ ಅವರಿಬ್ಬರೇ, ಒಬ್ಬರಿಗೊಬ್ಬರು ಪ್ರಾಣ. ಅವನು ಹೋಳುಗಳನ್ನು ಗುಂಡು ಹಾರದ ಒಂದು ಖಾಲಿ ರಿವಾಲ್ವರಿಗೆ ಕೂರಿಸಿ ತಿರುಪು ಬಿಗಿದ. ಅಂಚನ್ನು ಚೂರಿಯಿಂದ ಕೆರೆದು ಮೂಸಿದ. ಸಿಹಿ ಘಮ, ಹಿಂದೆಯೇ ಚೂರು ಘಾಟು. ಆದರೂ ಬಣ್ಣ ಬಳಿದ ಅಗ್ಗದ ಮರವಿದ್ದರೆ? ಅದಕ್ಕೆ ಅವನ ಹತ್ತಿರ ಒಂದೇ ಪರೀಕ್ಷೆ, ಮಗಳಿಗೂ ಕಲಿಸಿಕೊಟ್ಟದ್ದು. "ಒಣಮರ ಸುಳ್ಳು ಹೇಳುತ್ತೆ ಪುಟ್ಟಿ. ನಾಲಗೆ ತಾಗಿಸು, ನಿಜ ಬಾಯಿ ಬಿಡುತ್ತೆ."

ಅವನು ಹಿಡಿಯನ್ನು ನೆಕ್ಕಿದ.

ಕಡುನೇರಳೆ ಗೆರೆಗಳು ಒಂದೊಂದಾಗಿ ಎದ್ದು ಬಂದವು. ಬೀಟೆಯೇ. ಖುಷಿಯಿಂದ ಹಿಡಿದುಕೊಂಡ. ಮರ ಬೆಚ್ಚಗಿತ್ತು. ಕೆಳಗಿಡಲು ಹೋದ. ಬೆರಳುಗಳು ಬಿಡಲಿಲ್ಲ.

ಎಡಗೈಯಿಂದ ಎಳೆದ. ಊಹೂಂ. ಬಲಗೈ ತಾನಾಗಿಯೇ ಮೇಲೆದ್ದಿತು, ಗೋಡೆಯತ್ತ ತಿರುಗಿತು. ತೋರುಬೆರಳು ಮಡಿಚಿಕೊಂಡಿತು. ಖಾಲಿ ರಿವಾಲ್ವರ್ ಸಿಡಿಯಿತು. ಹೆಂಡತಿಯ ಫೋಟೊದ ಗಾಜು ಝಲ್ಲೆಂದು ಉದುರಿತು. ಹಣೆಯ ಜಾಗದಲ್ಲಿ ತೂತು. ಕೋಣೆಯ ತುಂಬ ಮದ್ದಿನ ಕಮಟು. ಕೈ ಸಡಿಲಲಿಲ್ಲ. ಸತ್ತವಳು ಅದಕ್ಕೆ ಸಾಲಲಿಲ್ಲ.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು.

ಕೈ ನಿಧಾನಕ್ಕೆ ಬಾಗಿಲಿನತ್ತ ತಿರುಗಿತು.

"ಪುಟ್ಟಿ, ಬರಬೇಡ. ಅಲ್ಲೇ ನಿಲ್ಲು."

"ಏನಪ್ಪಾ? ಕೇಳಿಸ್ತಿಲ್ಲ."

ಮೇಜಿನಂಚಿನಲ್ಲಿ ಮರ ಬಿಗಿಹಿಡಿಯುವ ಕಬ್ಬಿಣದ ವೈಸ್ ಇತ್ತು. ಮೈಭಾರವನ್ನೆಲ್ಲ ಹಾಕಿ ಬಲಗೈಯನ್ನು ಅದರ ದವಡೆಯೊಳಗೆ ತಳ್ಳಿದ. ಎಡಗೈಯಿಂದ ಹಿಡಿಕೆ ತಿರುಗಿಸಿದ. ಇನ್ನೊಂದು ಸುತ್ತು. ಇನ್ನೂ ಒಂದು. ಬಾಗಿಲ ಚಿಲಕ ಅಲ್ಲಾಡಿತು. ಮೂಳೆ ಲಟಕ್ಕೆಂದಿತು. ಬೆರಳುಗಳು ಬಿಚ್ಚಿಕೊಂಡವು. ರಿವಾಲ್ವರ್ ನೆಲಕ್ಕೆ ಬಿತ್ತು. ಅವನಿಗೆ ಕಣ್ಣು ಕತ್ತಲಿಟ್ಟಿತು.

ಎಚ್ಚರವಾದಾಗ ಅವನು ನೆಲದ ಮೇಲಿದ್ದ. ವೈಸಿನಿಂದ ಬಿಡಿಸಿದ ಜಜ್ಜಿದ ಕೈಗೆ ಟವೆಲು ಸುತ್ತಿತ್ತು. ಪುಟ್ಟಿ ಪಕ್ಕದಲ್ಲೇ ಕೂತಿದ್ದಳು, ಅತ್ತು ಅತ್ತು ಮುಖ ಊದಿತ್ತು. ಬದುಕಿದ್ದಳು. ಅವನಿಗೆ ಅಷ್ಟು ಸಾಕಾಗಿತ್ತು.

"ಡಾಕ್ಟರಿಗೆ ಫೋನ್ ಮಾಡಿದ್ದೀನಪ್ಪ, ಬರ್ತಿದ್ದಾರೆ." ಅಪ್ಪನನ್ನು ಸಮಾಧಾನಪಡಿಸಲು ನಗು ತಂದುಕೊಂಡಳು. "ನಿನ್ನ ಹಿಡಿಗೆ ಏನೂ ಆಗಿಲ್ಲ. ಒರೆಸಿದ್ದೀನಿ. ಬೀಟೆನೇ, ನಾನೇ ನೋಡ್ದೆ."

ಅವಳ ತುಟಿ ಒದ್ದೆಯಾಗಿತ್ತು. ರಿವಾಲ್ವರ್ ಅವಳ ಬಲಗೈಯಲ್ಲಿತ್ತು.

"ಕೆಳಗಿಡು ಪುಟ್ಟಿ."

"ಇಡೋಕಾಗ್ತಿಲ್ಲಪ್ಪ. ಅಂಟ್ಕೊಂಡಿದೆ." ಅವಳ ಪುಟ್ಟ ತೋಳು ಮೇಲೇಳುತ್ತಿತ್ತು. ಅವಳು ಇನ್ನೊಂದು ಕೈಯಿಂದ ಒತ್ತಿ ತಡೆಯುತ್ತಿದ್ದಳು. "ಅಪ್ಪಾ, ಇದು ಯಾಕೆ ನಿನ್ನ ಕಡೆ ತಿರುಗ್ತಿದೆ?"

ವೈಸ್ ಅವನ ಕೈಗೆಟಕುವ ಹಾಗೇ ಇತ್ತು. ಬಿಡಿಸುವ ದಾರಿ ಅವನಿಗೆ ಗೊತ್ತಿತ್ತು. ಅವಳ ಮಣಿಕಟ್ಟು ನೋಡಿದ. ಅದು ಅವನ ಎರಡು ಬೆರಳಿನಷ್ಟೂ ದಪ್ಪವಿರಲಿಲ್ಲ. ಸಿಕ್ಕಿದ ಮೇಲೇ ಬಿಡೋದು ಎಂದಿದ್ದಳು ಆ ಅಂಗಡಿಯಾಕೆ. ಸಿಕ್ಕರೆ ಬಿಡುತ್ತದೆ.

ಅವನು ಅಲುಗಾಡಲಿಲ್ಲ.

"ಕಣ್ಮುಚ್ಕೋ ಮಗಳೇ."

ಅವಳು ಮುಚ್ಚಿಕೊಂಡಳು. ಅಪ್ಪ ಹೇಳಿಕೊಟ್ಟದ್ದನ್ನು ಅವಳು ಯಾವತ್ತೂ ಮೀರಿದವಳಲ್ಲ.