ಮೊಳೆ ಮರ

ಆ ಮರದ ಮೊಳೆ ಮುಟ್ಟಬೇಡಿ ಎಂದು ಭಾವ ಹೇಳಿದ್ದೇ ತಡ, ದಂತವೈದ್ಯನಿಗೆ ನಗು ತಡೆಯಲಾಗಲಿಲ್ಲ. ಭಾವ ಎಂದರೆ ಹೆಂಡತಿಯ ಅಣ್ಣ, ಈ ರಾಷ್ಟ್ರೀಯ ಉದ್ಯಾನದ ಬೆಟ್ಟಗಳನ್ನು ಹಿಂದೆಯೂ ಹತ್ತಿದವನು. ಕಾಯಿಲೆಯವರ ಕೂದಲು ಸುತ್ತಿ ಒಂದೊಂದು ಮೊಳೆಯಲ್ಲೂ ಒಂದೊಂದು ಮಾರಿಯನ್ನು ಬಡಿದಿಟ್ಟಿದ್ದಾರಂತೆ. ಕಿತ್ತವನಿಗೆ ಏನೂ ಆಗುವುದಿಲ್ಲವಂತೆ, ಅವನ ಜೊತೆ ಬಂದವರಿಗೆ ತಗಲುತ್ತದಂತೆ.

"ಕೀಳೋದೇ ನನ್ನ ಹೊಟ್ಟೆಪಾಡು, ಭಾವ."

ಟೆಂಟಿನ ಗೂಟವೊಂದು ಮುರಿದಿತ್ತು. ಹೆಂಡತಿ ನೀರು ತರಲು ಹೋಗಿದ್ದಳು. ಗೂಟದ ಬದಲಿಗೆಂದು ದಂತವೈದ್ಯ ಇಕ್ಕಳ ಹಾಕಿ ಮರದ ಮೊಳೆಯೊಂದನ್ನು ಎಳೆದ, ಸುತ್ತಿದ್ದ ಕೂದಲನ್ನು ಬೆಂಕಿಗೆಸೆದ. ನೆಲಕ್ಕೆ ಹೊಡೆದಾಗ ಆ ತುಕ್ಕು ಮೊಳೆ ಕಲ್ಲಿಗೆ ತಾಗಿ ತುಂಡಾಯಿತು. ಅದಕ್ಕೂ ನಕ್ಕ.

ಎಲೆ ಉದುರುವ ಕಾಲ. ಸಂಜೆಯಾದರೂ ಸುಟ್ಟ ಕೂದಲಿನ ನಾತ ಹೋಗಲಿಲ್ಲ. ಮಂಜೆದ್ದು, ಅವರು ಬಂದ ದಾರಿಯನ್ನೇ ನುಂಗಿತು. ಚಹಾ ಕುಡಿಯುತ್ತಿದ್ದ ಹೆಂಡತಿಯ ಕೈಯಿಂದ ಲೋಟ ಜಾರಿತು. ಮೈ ಕಾದ ಕಾವಲಿಯ ಹಾಗಿತ್ತು. ಬಾಯಿಂದ ಹೊರಟದ್ದು ಅವಳ ದನಿಯಲ್ಲ, ಯಾವುದೋ ಮುದುಕಿಯ ನರಳಾಟ. ಮಾತ್ರೆ ಗಂಟಲಿಗಿಳಿಯಲಿಲ್ಲ. ಫೋನು ಯಾರಿಗೂ ಹೋಗಲಿಲ್ಲ. ಒಂದು ಉಸಿರು ಬಂದರೆ ಇನ್ನೊಂದಕ್ಕೆ ಕಾಯಬೇಕಿತ್ತು. ಅವಳಿಲ್ಲದೆ ತಾನಿಲ್ಲ ಎಂದು ಅವನಿಗೆ ಆಗ ಗೊತ್ತಾಯಿತು.

ಮಾರಿಯನ್ನು ಮತ್ತೆ ಬಡಿಯಬೇಕಾದರೆ ಆ ಮರದ ಮೊಳೆಯೇ ಆಗಬೇಕು ಎಂದ ಭಾವ.

"ಇನ್ನೊಂದು ಕೀಳಿ."

"ಕಿತ್ರೆ ಅದು ನಿಮಗೆ, ಭಾವ..."

"ಗೊತ್ತು. ಅವಳು ಉಳೀಲಿ."

ಕಿತ್ತ. ಹೆಂಡತಿಯ ಜಡೆ ಕತ್ತರಿಸಿ ಎಳೆ ಸುತ್ತಿದ. ಬಡಿದ. ಬೆರಳು ಜಜ್ಜಿತು. ಬಡಿದ. ಮರ ನರಳಿತು. ಬಡಿದ. ಟೆಂಟಿನೊಳಗೆ ಅವಳು ಎದ್ದು ಕೂತು ನೀರು ಕೇಳಿದಳು. ಅವನ ಬೆನ್ನ ಹಿಂದೆ ಭಾವ ಕುಸಿದ.

ಮೋಟು ಜಡೆ ಮುಟ್ಟಿಕೊಂಡಳು, ಮರ ನೋಡಿದಳು. ತಾನು ಹೇಗೆ ಉಳಿದೆನೆಂಬುದು ಅವಳಿಗೆ ಅರ್ಥವಾಯಿತು. ಮುಂದಿನ ಮೊಳೆ ಯಾರನ್ನು ಹುಡುಕಿಕೊಂಡು ಬರುತ್ತದೆಂಬುದು ಮಾತ್ರ ಗೊತ್ತಿರಲಿಲ್ಲ. ಅಣ್ಣನ ಕೂದಲು ತಾನೇ ಕತ್ತರಿಸಿ ತಂದಳು.

"ರೀ, ಅಣ್ಣನಿಗೂ ಬಡೀರಿ. ಬೇಗ."

ಇಕ್ಕಳ ಹಾಕಿದ. ಮೊಳೆ ಸಡಿಲವಾಗಿತ್ತು, ಮಗುವೂ ಕೀಳಬಹುದಿತ್ತು. ಹಲ್ಲು ಕಚ್ಚಿ ಎಳೆದಂತೆ ಮಾಡಿದ.

"ಬರ್ತಿಲ್ಲ ಕಣೇ."

"ಕೊಡಿ ಇಲ್ಲಿ, ನಾನು ಎಳೀತೀನಿ."

ಅವನು ಕೊಡಲಿಲ್ಲ. ಭಾವ ಕಣ್ತೆರೆದ. ಅವನ ಮುಖ ನೋಡಿದ, ತಂಗಿಯ ಮುಖ ನೋಡಿದ.

"ಬಿಡು ಪುಟ್ಟಿ," ಎಂದ. "ಆ ಮೊಳೆ ಬರಲ್ಲ."

ಅವಳು ನಂಬಿದಳು. ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳತೊಡಗಿದಳು. ಬೆನ್ನ ಹಿಂದೆ ಭಾವನ ಉಸಿರು ನಿಲ್ಲುವವರೆಗೂ ದಂತವೈದ್ಯ ಮರಕ್ಕೆ ಮುಖಮಾಡಿ, ಎಳೆಯುವ ನಾಟಕ ಆಡುತ್ತಲೇ ನಿಂತ.