ಮೂವತ್ತಾರು ಸಾವಿರ ಅಡಿ ಮೇಲಿಂದ

"ಅಯ್ಯೋ... ಕಣ್ಣು ಕಾಣಲ್ವೇನ್ಲಾ ನಿಂಗೆ!"

ಬೋರ್‌ವೆಲ್ ಲಾರಿಯ ಮುಂದೆ ನಿಂತು ಮಮತ ಕಿರುಚಿದಾಗ ಅವಳ ಮೈಮೇಲೆ ಒಣ ಜಾಗವೇ ಇರಲಿಲ್ಲ. ತಲೆಯಿಂದ ಪಾದದವರೆಗೂ ಬೂದು ಬಣ್ಣದ ಕೆಸರು! ಗೆಟ್ಟವಾಡಿಯ ಮಹದೇವಯ್ಯನವರ ಹೊಲದಲ್ಲಿ ಎಲೆಕೋಸು ಕೊಯ್ಯಲು ಕೂಲಿಗೆ ಬಂದವಳು, ನೀರು ಬಂತು ಎಂಬ ಕೂಗು ಕೇಳಿ ನೋಡಲು ಓಡಿದ್ದೇ ತಪ್ಪಾಯಿತು.

ಲಾರಿಯ ಹಿಂದೆ ಯಂತ್ರ ನಡೆಸುತ್ತಿದ್ದವನು ಕೆಳಗಿಳಿದು ಬಂದ. ಮುಖದಲ್ಲಿ ಭಯ, ಕಣ್ಣಲ್ಲಿ ನಗು.

"ತಪ್ಪಾಯ್ತು ಕಣಮ್ಮ... ಆದ್ರೆ ಐನೂರ ನಲವತ್ತು ಅಡಿ ಕೆಳಗಿದ್ದ ನೀರು ಅದು. ಮೇಲೆ ಬಂದು ಮೊದ್ಲು ಮುಟ್ಟಿದ್ದು ನಿನ್ನೇಯ!"

ಬೈಯಲು ಬಾಯಿ ತೆರೆದ ಮಮತ ಸೆರಗಿನಿಂದ ಮುಖದ ಕೆಸರು ಒರೆಸಿಕೊಂಡಳು.

ಅವನು ಮಣಿಕಂಠ, ತಾಳಮಲೆಯವನು. ಮೇಲೆ ಬಂದ ಕಲ್ಲಿನ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ, ಇನ್ನೆಷ್ಟು ಅಡಿಗೆ ನೀರು ಸಿಕ್ಕೀತು ಎಂದು ಹೇಳುತ್ತಿದ್ದ. ಸಂತೋಷವಾಗಲಿ ಸಿಟ್ಟಾಗಲಿ, ಎಲ್ಲವನ್ನೂ ಅಡಿಯಲ್ಲೇ ಅಳೆಯುವ ಆಸಾಮಿ. "ನಿನ್ ಕೋಪ ಎಷ್ಟು ಅಡಿ ಅದೆ?" ಎಂದು ಅವತ್ತು ಸಂಜೆ ಕೇಳಿದಾಗಲೇ ಇವಳ ಎದೆಯಲ್ಲೂ ಏನೋ ಚಿಮ್ಮಿತ್ತು ಅನ್ನಿ.

ಆರು ತಿಂಗಳಾದ ಮೇಲೆ ಆ ಯಂತ್ರ ಹಡಗು ಹತ್ತಿ ಆಫ್ರಿಕಾಕ್ಕೆ ಹೋಯಿತು. ಎರಡು ವರ್ಷದ ಕೆಲಸಕ್ಕೆ ಮಣಿಕಂಠನೂ ಹೋದ.

ಆಮೇಲೆ ಉಳಿದದ್ದು ಫೋನಿನಲ್ಲಿ ಕಳಿಸುವ ಬರೀ ವಾಯ್ಸ್ ಮೆಸೇಜು. ಯಾಕೆಂದರೆ ಅವರದು ತಮಿಳುನಾಡಿಗೆ ಸೇರಿದ ಗಡಿ ಸೀಮೆ; ಅವನು ಕಲಿತದ್ದು ತಮಿಳು ಸ್ಕೂಲಿನಲ್ಲಿ, ಇವಳು ಕಲಿತದ್ದು ಕನ್ನಡ ಸ್ಕೂಲಿನಲ್ಲಿ. ಮಾತು ಇಬ್ಬರದೂ ಒಂದೇ ಕನ್ನಡ. ಆದರೆ ಅವಳ ಅಕ್ಷರ ಅವನಿಗೆ ಬಾರದು, ಅವನ ಅಕ್ಷರ ಅವಳಿಗೆ ಓಡದು. ಹಾಗಾಗಿ ಎರಡು ವರ್ಷದಲ್ಲಿ ಒಂದೇ ಒಂದು ಅಕ್ಷರ ಬರೆದುಕೊಂಡವರಲ್ಲ. ದಿನಾ ದನಿ ಕಳಿಸುವುದು, ದಿನಾ ದನಿ ಕೇಳುವುದು.

ಹದಿನೈದು ದಿನದ ಹಿಂದೆ ಅವನಿಂದ ಒಂದು ವಾಯ್ಸ್ ಬಂತು. "ಇನ್ನೆರಡು ವರ್ಸ ಇರು ಅಂತಾವ್ರೆ ಮಮತ... ಏನ್ ಮಾಡ್ಲಿ?"

ಇರಬೇಡ ಬಾ, ಎನ್ನಲು ಅವಳಿಗೆ ಆಸೆ. ಕೇಳಿಯಾದರೂ ಕೇಳಬೇಕೇ ಇವನು ಎಂಬ ಸಿಟ್ಟು!

"ನಿನ್ನಿಷ್ಟ," ಎಂದಷ್ಟೇ ಕಳಿಸಿದಳು.

ಅಲ್ಲಿಗೆ ಅವನೂ ಮೌನ, ಇವಳೂ ಮೌನ.

ಇವತ್ತು ಹನ್ನೊಂದು ಗಂಟೆಗೆ ತಾಳವಾಡಿಯಿಂದ ಗಂಡಿನ ಕಡೆಯವರು ಬರುತ್ತಾರೆ. ತಟ್ಟೆಯಲ್ಲಿ ಎಲೆ ಅಡಿಕೆ ಬದಲಾಯಿಸಿಕೊಂಡರೆ ಮುಗಿಯಿತು, ಮಾತು ಕೊಟ್ಟಂತೆ. ಮಣಿಕಂಠನ ವಿಷಯ ಅವ್ವನಿಗೆ ಗೊತ್ತಿಲ್ಲ. ಹೇಳೋಣವೆಂದರೆ ಅವನು ಬರುತ್ತಾನೋ ಇಲ್ಲವೋ ಇವಳಿಗೇ ಗೊತ್ತಿಲ್ಲ!

ಹತ್ತೂವರೆಗೆ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತಳು. ಆ ಮನೆಯಲ್ಲಿ ಸಿಗ್ನಲ್ ಸಿಗುವುದು ಅದೊಂದೇ ಕಡೆ. ಹೆಮ್ಮೆಯನ್ನೆಲ್ಲ ನುಂಗಿಕೊಂಡು ಒಂದು ವಾಯ್ಸ್ ಕಳಿಸಿದಳು. ಎರಡು ವರ್ಷದಲ್ಲಿ ಹೇಳದೆ ಉಳಿದಿದ್ದ ಮಾತೂ ಅದರ ಕೊನೆಯಲ್ಲಿತ್ತು.

ಅದರ ಪಕ್ಕ ಎರಡು ಟಿಕ್ ಗೆರೆ ಬಿತ್ತು. ತಲುಪಿದೆ!

ಅವನ ಹೆಸರಿನ ಕೆಳಗೆ 'ಆನ್‌ಲೈನ್' ಎಂದೂ ಕಾಣಿಸಿತು. ಆದರೆ ಅವನು ಕೇಳಲಿಲ್ಲ. ಐದು ನಿಮಿಷ... ಹತ್ತು ನಿಮಿಷ... ವಾಯ್ಸಿನ ಪಕ್ಕದ ಮೈಕ್ ಗುರುತು ನೀಲಿಯಾಗಲೇ ಇಲ್ಲ.

'ಇದ್ದೂ ಕೇಳ್ತಿಲ್ಲ. ನನ್ ದನಿನೂ ಬ್ಯಾಡ್ವಾ ಇವ್ನಿಗೆ?'

ಮಮತ ಫೋನನ್ನು ಸೆರಗಿಗೆ ಸಿಕ್ಕಿಸಿ ಕಲ್ಲಿನಿಂದ ಇಳಿಯುವಷ್ಟರಲ್ಲಿ ಅದು ಗುಂಯ್ ಎಂದಿತು.

ತಮಿಳು ಅಕ್ಷರ! ಯಾವುದೋ ರೀಚಾರ್ಜ್ ಜಾಹೀರಾತಿರಬೇಕು ಎಂದು ಅಳಿಸಲು ಹೋದವಳ ಬೆರಳು ಅಲ್ಲೇ ನಿಂತಿತು. ಮೇಲೆ ಇದ್ದದ್ದು ಅವನ ಹೆಸರು.

ಬಸ್ಸಿನ ಬೋರ್ಡು, ರೇಷನ್ ಅಂಗಡಿಯ ಬೋರ್ಡು ನೋಡಿ ನೋಡಿ ಕಲಿತಿದ್ದ ತಮಿಳು ಅವಳದು. ಒಂದೊಂದೇ ಅಕ್ಷರ ಕೂಡಿಸಿದಳು. ಅಕ್ಷರ ತಮಿಳಿನದು, ಒಳಗಿನ ಮಾತು ಅಪ್ಪಟ ಕನ್ನಡ!

"ನಾನು ಇಮಾನದಲ್ಲಿ ಇವ್ನಿ. ಬೆಂಗ್ಳೂರ್ಗೆ ಬತ್ತಾ ಇವ್ನಿ. ಇಲ್ಲಿ ಬರ್ದಿದ್ದು ಮಾತ್ರ ಓಯ್ತದೆ. ನಿನ್ ವಾಯ್ಸ್ ತೆರೀತಿಲ್ಲ. ಏನಂದೆ? ಬರಿ."

ಮಮತ ಓದಿದಳು. ಮತ್ತೆ ಮೊದಲಿನಿಂದ ಓದಿದಳು.

ವಿಮಾನದಲ್ಲಾ? ಹಾರುತ್ತಿರುವಾಗಲೇ? ತಲೆ ಎತ್ತಿದಳು. ಬೆಟ್ಟದ ಮೇಲಿನ ಆಕಾಶದಲ್ಲಿ ದಿನಾ ಒಂದೋ ಎರಡೋ ವಿಮಾನದ ಬಿಳಿ ಗೆರೆ ಕಾಣುತ್ತಿದ್ದವು. ಅದರೊಳಗೆ ಜನ ಕೂತಿರುತ್ತಾರೆ, ಅವರಿಗೂ ಯಾರದೋ ನೆನಪಿರುತ್ತದೆ ಎಂದು ಒಂದು ದಿನವೂ ಅವಳಿಗೆ ಹೊಳೆದಿರಲಿಲ್ಲ. ಈಗ ಯಾವ ಗೆರೆಯೂ ಇರಲಿಲ್ಲ. ಆದರೂ ಅವಳ ಮೈ ಜುಮ್ಮೆಂದಿತು.

ಮನೆಗೊಂದು ಭಾಷೆ ಸಾಲದ ಊರು ಎಂದು ಫೋನ್ ಮಾರಿದ ಅಂಗಡಿಯವನು ಕೀಬೋರ್ಡಿಗೆ ಕನ್ನಡ, ತಮಿಳು ಎರಡೂ ಅಕ್ಷರ ಹಾಕಿಕೊಟ್ಟಿದ್ದ. ಅವತ್ತು ತಮಿಳು ಬೇಡವೆಂದಿದ್ದಳು. ಇವತ್ತು ಅದನ್ನೇ ಒತ್ತಿದಳು.

"ಎಷ್ಟು ಅಡಿ?"

ಕೇಳಬೇಕಾದದ್ದು ನೂರಿತ್ತು. ಬಂದದ್ದು ಅದು!

"ಮೂವತ್ತಾರು ಸಾವ್ರ ಅಡಿ. ನನ್ ಮುಂದೆ ಟಿವೀಲಿ ತೋರಿಸ್ತಾವ್ರೆ. ಕೆಳಗೆ ಸಮುದ್ರ, ತೇಲೋ ಅಡಗು ಇರುವೆ ಅಂಗೆ ಕಾಣ್ತದೆ. ಇಷ್ಟ್ ದಿನ ನೆಲದೊಳಗೇ ನೋಡ್ತಿದ್ದೆ ಮಮತ... ಮೇಲೆ ಇಷ್ಟೊಂದು ಅದೆ ಅಂತ ಗೊತ್ತಿರ್ಲಿಲ್ಲ."

ಅವಳ ಕಣ್ಣು ತುಂಬಿತು. ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

"ಮಮತ! ಬಂದ್ರು ಕಣೆ, ಬಾ ಒಳಕ್ಕೆ!" ಅವ್ವ ಬೊಮ್ಮಮ್ಮನ ಕೂಗು.

ಕಾರಿನ ಬಾಗಿಲು ಹಾಕಿದ ಸದ್ದು. ಬೆರಳು ಅಕ್ಷರ ಹುಡುಕುತ್ತಿತ್ತು, ಒಂದು ಸಿಕ್ಕರೆ ಇನ್ನೊಂದು ಸಿಗದು.

"ಮನೇಲಿ ಗಂಡಿನೋರು ಬಂದವ್ರೆ. ಎಲೆ ಅಡ್ಕೆ ಈಗ್ಲೇ. ಏನ್ ಯೋಳ್ಲಿ?"

ಕಳಿಸಿದಳು. ಒಂದು ಗೆರೆ ಮಾತ್ರ ಬಿತ್ತು.

'ಓಗು... ಓಗು ತಾಯಿ... ಮೇಲಕ್ಕೋಗು!'

ಎರಡನೇ ಗೆರೆ ಬೀಳುವಷ್ಟರಲ್ಲಿ ಬೊಮ್ಮಮ್ಮ ಹಿತ್ತಲಿಗೇ ಬಂದುಬಿಟ್ಟಿದ್ದಳು.

"ಕಲ್ಲ್ ಮೇಲ್ ನಿಂತ್ಕಂಡು ಏನ್ ಮಾಡ್ತಿದ್ದೀ? ಅಳ್ತಿದ್ದೀಯಾ? ಏನಾಯ್ತು ಕೂಸೇ?"

ಆಗಲೇ ಉತ್ತರ ಬಂತು. ಮಮತ ಅವ್ವನ ಮುಂದೆಯೇ ಗಟ್ಟಿಯಾಗಿ ಅಕ್ಷರ ಕೂಡಿಸಿದಳು. ಕೂಡಿಸಿ ಓದುವವಳಿಗೆ ಬಚ್ಚಿಟ್ಟು ಓದಲು ಎಲ್ಲಿ ಬರುತ್ತದೆ ಹೇಳಿ!

"ಬ್ಯಾಡ ಅನ್ನು. ಇನ್ನೆರಡು ವರ್ಸ ನಾನು ಒಪ್ಪಿಲ್ಲ. ನಿನ್ ಮುಂದೆ ನಿಂತು ಯೋಳ್ಬೇಕು ಅಂತ ಸುಮ್ನಿದ್ದೆ. ನಿನ್ನ ಕೇಳಕ್ಕೇ ಬತ್ತಾ ಇವ್ನಿ."

"ಯಾರವ್ವ ಅದು?"

"ಮಹದೇವಯ್ಯನೋರ ಒಲ್ದಲ್ಲಿ ಬೋರ್ ಕೊರೆದೋನು... ಈಗ ಇಮಾನದಲ್ಲಿ ಅವ್ನೆ. ಅಲ್ಲಿಂದ್ಲೇ ಬರೀತಾವ್ನೆ."

ಬೈಗುಳಕ್ಕೆ ತಯಾರಾಗಿ ಮಮತ ಕಣ್ಣು ಮುಚ್ಚಿದಳು. ಬೊಮ್ಮಮ್ಮ ಬೈಯಲಿಲ್ಲ. ಫೋನನ್ನು ನೋಡಿದಳು, ಆಕಾಶ ನೋಡಿದಳು, ಮತ್ತೆ ಫೋನು ನೋಡಿದಳು.

"ಆರಾಡ್ತಾ ಇರುವಾಗ್ಲೇ ಬರೀತಾವ್ನಾ? ಅಷ್ಟೆತ್ತರದಿಂದ ನಮ್ಮ ಒಗೆಯೋ ಕಲ್ಲಿಗೆ ಬತ್ತಾ?"

"ಊಂ ಕಣವ್ವ."

ಹುಟ್ಟಿದಾಗಿನಿಂದ ಮಳೆಗಾಗಿ ಮೋಡವನ್ನು ಕೆಳಗಿನಿಂದಲೇ ನೋಡಿದ್ದ ಹೆಂಗಸು ಹಣೆಗೆ ಕೈ ಅಡ್ಡ ಹಿಡಿದು ಮತ್ತೆ ಮೇಲೆ ನೋಡಿದಳು. ಆಮೇಲೆ ಮೆಲ್ಲಗೆ ಅಂದಳು.

"ಕೇಳವ್ವ ಅವನ್ನ... ಮೋಡ ಮೇಲಿಂದ ಎಂಗ್ ಕಾಣ್ತದೆ ಅಂತ."

ಮಮತ ಅಳುತ್ತಲೇ ನಕ್ಕಳು. ಅವ್ವ ಕೇಳುತ್ತಿದ್ದಾಳೆ ಎಂದೇ ಬರೆದಳು. ಇಬ್ಬರೂ ತಲೆಗೆ ತಲೆ ತಾಗಿಸಿ ಕಾದರು.

"ಕೆಳಗಿಂದ ಕಪ್ಪಾಗಿರ್ತದಲ್ಲ, ಅದೂ ಮೇಲೆ ಬೆಳ್ಳಗದೆ. ಬಿಸ್ಲು ಬಿದ್ದು ಅರಳೆಯಂಗೆ ಅರಡ್ಕಂಡದೆ. ಅವ್ವಂಗೆ ಫೋಟೋ ತೆಗ್ದಿವ್ನಿ ಅನ್ನು."

ಬೊಮ್ಮಮ್ಮ ಸೆರಗಿನಿಂದ ಮಗಳ ಮುಖ ಒರೆಸಿದಳು. ಒಳಗೆ ಹೋಗಿ ಬಂದವರ ಮುಂದೆ ಕೈಮುಗಿದು ನಿಂತಳು.

"ಎಲೆ ಅಡ್ಕೆ ಇರ್ಲಿ ಕಣಕ್ಕ, ಬೇಜಾರ್ ಮಾಡ್ಕಬ್ಯಾಡಿ. ಊಟ ಮಾಡ್ಕಂಡು ಓಗಿ. ನಮ್ ಕೂಸಿನ ಮನ್ಸು ಬ್ಯಾರೆ ಕಡೆ ಓಗದೆ. ನಂಗೆ ಈಗ ತಿಳೀತು."

ಮರುದಿನ ಬೆಳಿಗ್ಗೆ ಚಾಮರಾಜನಗರದ ಮೊದಲ ಬಸ್ಸು ಗೆಟ್ಟವಾಡಿಯಲ್ಲಿ ನಿಂತಿತು. ಒಂದು ಬ್ಯಾಗು ಇಳಿಯಿತು, ಹಿಂದೆಯೇ ಮಣಿಕಂಠ. ಕಪ್ಪಾಗಿದ್ದ, ಬಡವಾಗಿದ್ದ. ಕಣ್ಣಲ್ಲಿ ಮಾತ್ರ ಅದೇ ನಗು.

ಬಸ್ಸು ಹೋದ ಮೇಲೂ ಇಬ್ಬರೂ ನಿಂತಲ್ಲೇ ನಿಂತಿದ್ದರು.

"ನನ್ ವಾಯ್ಸ್ ಕೇಳಿದ್ಯಾ?" ಮಮತ ನೆಲ ನೋಡುತ್ತಾ ಕೇಳಿದಳು.

"ಇಲ್ಲ. ಇಳಿದ್ ತಕ್ಷಣ ತೆರೀತು. ಮುಟ್ಲಿಲ್ಲ."

"ಯಾಕೆ?"

"ಅಷ್ಟೆತ್ತರದಿಂದ ಇಳ್ಕಂಡ್ ಬಂದಿವ್ನಿ... ನಿನ್ ಬಾಯಿಂದ್ಲೇ ಕೇಳ್ತೀನಿ. ಯೋಳು."

ಮಮತಳ ಕೆನ್ನೆ ಬಿಸಿಯಾಯಿತು. ಫೋನಿಗೆ ಹೇಳಿದ್ದು ಸುಲಭ, ಈ ಮುಖಕ್ಕೆ ಹೇಳುವುದು ಹೇಗಪ್ಪಾ! ಆದರೂ ತಲೆ ಎತ್ತಿದಳು.

"ನಿನ್ನ ಬುಟ್ರೆ ನಂಗೆ ಯಾರೂ ಬ್ಯಾಡ ಅಂದಿದ್ದೆ ಕಣ. ಅಷ್ಟೇಯ."

ಮಣಿಕಂಠ ಕಣ್ಣೊರೆಸಿಕೊಂಡ, ನಕ್ಕ.

"ಈಗ ಎಷ್ಟು ಅಡಿ ದೂರ ಇವ್ನಿ ಮಮತ?"

ಅವಳು ಮುಂದೆ ಬಂದು ಅವನ ಕೈ ಹಿಡಿದಳು.

"ಸಾಕು ಬುಡು ಅಳೆದಿದ್ದು. ಮನೆಗ್ ನಡಿ... ಮೋಡದ್ ಫೋಟೋ ನೋಡಕ್ಕೆ ಅವ್ವ ಕಾಯ್ತಾವ್ಳೆ."